ಗುರಿ ತಪ್ಪಿದರೂ ಒಂದು ಪಾಯಿಂಟು

ಬಚ್ಚಂಗಾಯಿಯ ಟೊಪ್ಪಿ ಮಾಡುವುದು ಹೇಳಿದಷ್ಟು ಸುಲಭವಲ್ಲ. ಬಚ್ಚಂಗಾಯಿ ಎಂದರೆ ಘಟ್ಟದ ಮೇಲಿನವರ ಕಲ್ಲಂಗಡಿ. ತಲೆಗಿಂತ ಒಂದಿಷ್ಟೇ ದೊಡ್ಡದಾದ ಹಣ್ಣು ಆರಿಸಬೇಕು. ಅಂಗಡಿಯಲ್ಲಿ ಉಳಿದವರೆಲ್ಲ ಹಣ್ಣನ್ನು ಬೆರಳಲ್ಲಿ ತಟ್ಟಿ ನೋಡುವಾಗ ನಾವು ಮಾತ್ರ ಅದನ್ನು ಕಿವಿಯ ಪಕ್ಕ ಹಿಡಿದು ಅಳತೆ ನೋಡಬೇಕು. ಅರ್ಧಕ್ಕೆ ಕೊಯ್ದು, ಕೆಂಪು ತಿರುಳು ತೆಗೆದು, ಒಳಗಿನ ಬಿಳಿಯನ್ನು ಚಮಚದಲ್ಲಿ ಹೆರೆಯುತ್ತ ಹೋಗಬೇಕು. ಜಾಸ್ತಿ ಹೆರೆದರೆ ಟೊಪ್ಪಿ ಸೀಳುತ್ತದೆ. ಕಡಿಮೆ ಹೆರೆದರೆ ಮ್ಯಾಚಿನ ಎರಡನೇ ಕ್ವಾರ್ಟರ್ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಎಷ್ಟು ಒರೆಸಿದರೂ ಒಂದು ಹನಿ ಸಿಹಿನೀರು ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಸೇರಿಯೇ ಸೇರುತ್ತದೆ, ಅದರ ಬೆನ್ನಿಗೇ ಒಂದು ನೊಣವೂ.

ಇದನ್ನು ತಲೆಗೇರಿಸಿಕೊಂಡು ಕೆನಡಾದ ರೆಜೈನಾದ ಮೊಸಾಯಿಕ್ ಸ್ಟೇಡಿಯಮ್ಮಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಸಸ್ಕ್ಯಾಚುವಾನ್ ರಫ್‌ರೈಡರ್ಸ್ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳ ಪೇಟ ಅದು. ನಮ್ಮೂರಿನ ಫುಟ್‌ಬಾಲಲ್ಲ, ಚೆಂಡನ್ನು ಕೈಯಲ್ಲಿ ಹೊತ್ತು ಓಡುವ, ಎಸೆಯುವ ಫುಟ್‌ಬಾಲು. ತಂಡದ ಬಣ್ಣ ಹಸಿರು, ಹಣ್ಣಿನ ಬಣ್ಣವೂ ಹಸಿರು. ಇದಕ್ಕಿಂತ ದೊಡ್ಡ ಕಾರಣ ಯಾರೂ ಕೊಟ್ಟಿಲ್ಲ, ನಾನೂ ಕೇಳಿಲ್ಲ. ನನ್ನ ಹೆಂಡತಿಗೆ ಮಾತ್ರ ಹೆರೆದ ಬಿಳಿ ಭಾಗದ ಮೇಲೆ ಕಣ್ಣು. ಪುತ್ತೂರಿನ ಕಡೆಯವಳು, ಬಚ್ಚಂಗಾಯಿಯ ಬಿಳಿ ಕಂಡರೆ ಅವಳ ಕೈ ತಾನಾಗಿಯೇ ಅಕ್ಕಿ ನೆನೆಹಾಕುತ್ತದೆ. ಮ್ಯಾಚಿನ ಮರುದಿನ ನಮ್ಮ ಮನೆಯಲ್ಲಿ ಗೆದ್ದರೂ ದೋಸೆ, ಸೋತರೂ ದೋಸೆ.

ಈ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಅಜ್ಜ. ಗೋಧಿ ಬೆಳೆದು ಬೆಳೆದು ದಣಿದು ಪೇಟೆಗೆ ಬಂದು ಕೂತವರು. ಅವರ ಹತ್ತಿರ ಎರಡು ಸೀಸನ್ ಟಿಕೆಟ್ಟು, ಹೆಂಡತಿ ತೀರಿಕೊಂಡ ಮೇಲೆ ಒಂದು ಸೀಟು ಖಾಲಿ. ಹಾಗೆ ಕೂತ ಮೊದಲ ಮ್ಯಾಚಿನಲ್ಲೇ ಒಂದು ಘಟನೆ. ನಮ್ಮ ಕಿಕ್ಕರ್ ಒದ್ದ ಚೆಂಡು ಕಂಬಗಳ ನಡುವೆ ಹೋಗದೆ ಎಡಕ್ಕೆ ವಾಲಿ ಎಲ್ಲೋ ಹೋಯಿತು. ನಾನು “ಅಯ್ಯೋ” ಎಂದೆ. ಸುತ್ತಲಿದ್ದವರು ಅರ್ಧಂಬರ್ಧ ಚಪ್ಪಾಳೆ ತಟ್ಟಿದರು. ನೋಡಿದರೆ ಬೋರ್ಡಿನಲ್ಲಿ ನಮಗೆ ಒಂದು ಪಾಯಿಂಟು ಹೆಚ್ಚಾಗಿದೆ! ಬೋರ್ಡು ಕೆಟ್ಟಿರಬೇಕು ಎಂದುಕೊಂಡೆ. ಅಜ್ಜ ಕಾಫಿ ಹೀರುತ್ತ “ರೂಜ್” ಎಂದರು, ಅಷ್ಟೇ.

ಕೆನಡಾದ ಫುಟ್‌ಬಾಲನ್ನು ಅಮೆರಿಕದ್ದರ ತಮ್ಮ ಎಂದುಕೊಳ್ಳುವವರಿಗೆ ರೂಜ್ ಅರ್ಥವಾಗುವುದಿಲ್ಲ. ಇಲ್ಲಿ ಗೋಲು ಕಂಬ ನಿಲ್ಲುವುದು ಗೋಲು ಗೆರೆಯ ಮೇಲೆಯೇ. ಅದರ ಹಿಂದೆ 20 ಯಾರ್ಡ್ ಉದ್ದದ ಎಂಡ್ ಜೋನ್, ನನ್ನ ಭಾಷೆಯಲ್ಲಿ ಹಿತ್ತಿಲು. ಒದ್ದ ಚೆಂಡು ನಿಮ್ಮ ಹಿತ್ತಿಲಿಗೆ ಬಂದು ಬಿದ್ದರೆ ಅದನ್ನು ಹೊರಗೆ ತರುವುದು ನಿಮ್ಮ ಜವಾಬ್ದಾರಿ. ತರಲಾಗದಿದ್ದರೆ ಒದ್ದವನಿಗೆ ಒಂದು ಪಾಯಿಂಟು. 2025ರವರೆಗೆ ಚೆಂಡು ಹಿತ್ತಿಲು ದಾಟಿ ಆಚೆ ಹೋದರೂ ಅದೇ ಲೆಕ್ಕ. ನಮ್ಮ ಲೆಗ್ ಬೈ ನೆನಪಿಸಿಕೊಳ್ಳಿ. ಬ್ಯಾಟಿಗೆ ಸಿಗದ ಚೆಂಡು ಕಾಲಿಗೆ ತಗುಲಿ ಓಡಿದ್ದಕ್ಕೂ ನಾವು ರನ್ ಬರೆದುಕೊಳ್ಳುತ್ತೇವೆ, ನಾಚಿಕೆಪಡುವುದಿಲ್ಲ.

ಒಂದೇ ಪಾಯಿಂಟು, ಏನು ಮಹಾ ಎನ್ನಬೇಡಿ. ಸ್ಕೋರು ಸಮವಾಗಿದೆ, ಕೊನೆಯ ಕ್ಷಣ, ಎದುರಾಳಿ ಕಂಬಕ್ಕೆ ಒದೆಯಲು ನಿಂತಿದ್ದಾನೆ. ತಪ್ಪಿದರೂ ಅವನೇ ಗೆಲ್ಲಬಹುದು. ಆಗ ಬುದ್ಧಿವಂತ ಕೋಚು ತನ್ನ ಕಿಕ್ಕರ್‌ನನ್ನೇ ಹಿತ್ತಿಲಲ್ಲಿ ನಿಲ್ಲಿಸುತ್ತಾನೆ. ಗುರಿ ತಪ್ಪಿ ಬಂದ ಚೆಂಡನ್ನು ಹಿಡಿದು ವಾಪಸು ಒದೆಯಲಿಕ್ಕೆ! ಅತ್ತ ಕಡೆಯವರೂ ಅದನ್ನು ಹಿಡಿದು ಮತ್ತೆ ಒದೆಯಬಹುದು. ಸಂಬಳ ಪಡೆಯುವ ವೃತ್ತಿಪರರು ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದು ಚೆಂಡನ್ನು ಅತ್ತಿತ್ತ ಒದೆಯುವುದನ್ನು ನೋಡಲಿಕ್ಕಾದರೂ ಈ ಆಟ ನೋಡಬೇಕು.

ನಾನೀಗ ಪುಸ್ತಕ ಇಟ್ಟು ಬರೆದುಕೊಳ್ಳುವವನು. ಊರಿನಲ್ಲಿ ಯಕ್ಷಗಾನ ಮುಗಿದ ಬೆಳಗ್ಗೆ ಕಟ್ಟೆಯ ಮೇಲೆ ಕೂತು “ಭಾಗವತರು ನಿನ್ನೆ ತಾಳ ತಪ್ಪಿದರು” ಎನ್ನುವವರಿದ್ದರಲ್ಲ, ಜನ್ಮದಲ್ಲಿ ಜಾಗಟೆ ಮುಟ್ಟದವರು, ನಾನು ಆ ಜಾತಿ. ಅಮೆರಿಕದಲ್ಲಿ 10 ಯಾರ್ಡ್ ಸಾಗಲು ನಾಲ್ಕು ಅವಕಾಶ, ಇಲ್ಲಿ ಮೂರೇ. ಒಂದೊಂದು ಅವಕಾಶಕ್ಕೆ ಡೌನ್ ಎಂದು ಹೆಸರು. ಮೂರನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುವುದರಿಂದ ಕೈಯಲ್ಲಿರುವುದು ಎರಡು. ಮೊದಲನೆಯದು ಎರಡು ಯಾರ್ಡಿಗೆ ನಿಂತರೆ ಎರಡನೆಯದರಲ್ಲಿ ಎಸೆಯಲೇಬೇಕು. ಹಾಗಾಗಿ ನನ್ನ ಪುಸ್ತಕದಲ್ಲಿ ಮೊದಲ ಡೌನಿಗೇ ದೊಡ್ಡ ಕಾಲಂ. “ಮೂರನೇ ಡೌನ್, ಒಂದು ಯಾರ್ಡ್” ಎಂದಾಗ ಮಾತ್ರ ಎಲ್ಲರೂ ಎದ್ದು ನಿಲ್ಲುತ್ತಾರೆ. ಇಲ್ಲಿನ ನಿಯಮದಂತೆ ರಕ್ಷಣೆಯವರು ಚೆಂಡಿನಿಂದ ಒಂದು ಯಾರ್ಡ್ ಹಿಂದೆ ನಿಲ್ಲಬೇಕು, ಬೇಕಾದ್ದೂ ಒಂದೇ ಯಾರ್ಡ್. ದಪ್ಪ ಭುಜದ ಒಬ್ಬ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಆಟಗಾರ) ಒಳಬಂದು ತಲೆ ತಗ್ಗಿಸಿ ನುಗ್ಗುತ್ತಾನೆ. ತಂಡದಲ್ಲಿ ಇಷ್ಟು ಮಂದಿ ಕೆನಡಾದವರೇ ಇರಬೇಕೆಂಬ ಲೆಕ್ಕವೂ ಉಂಟು. ಐಪಿಎಲ್ಲಿನ ನಾಲ್ಕು ವಿದೇಶಿಯರ ಲೆಕ್ಕ ಹಾಕಿ ಪಳಗಿದ ನನಗೆ ಅದೊಂದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಹೆಸರುಗಳು. ಎಂಟೊಂಬತ್ತು ತಂಡಗಳ ಲೀಗಿನಲ್ಲಿ ಬಹಳ ಕಾಲ ಎರಡು ತಂಡಕ್ಕೆ ಒಂದೇ ಹೆಸರಿತ್ತಂತೆ: ನಮ್ಮವರು ಒಂದೇ ಪದದ ರಫ್‌ರೈಡರ್ಸ್, ಒಟ್ಟಾವಾದವರು ಎರಡು ಪದದ ರಫ್ ರೈಡರ್ಸ್. ರಸ್ತೆಯ ಈಚೆಗೊಂದು ಗಣೇಶ್ ಭವನ, ಆಚೆಗೊಂದು ಶ್ರೀ ಗಣೇಶ್ ಭವನ ಇದ್ದ ಹಾಗೆ. 1996ರಲ್ಲಿ ಒಟ್ಟಾವಾದ್ದು ಬಾಗಿಲು ಮುಚ್ಚಿತು.

ಅಜ್ಜನ ಮುಂದೆ ಎತ್ತಬಾರದ ವರ್ಷ 2009. ಕ್ಯಾಲ್ಗರಿಯಲ್ಲಿ ಲೀಗಿನ ಗ್ರೇ ಕಪ್ ಫೈನಲ್, ಎದುರಿಗೆ ಮಾಂಟ್ರಿಯಲ್. ಕೊನೆಯ ಕ್ವಾರ್ಟರಿನಲ್ಲಿ 27–11 ಮುಂದಿದ್ದ ನಮ್ಮವರು ಕೊನೆಗೆ 27–25ಕ್ಕೆ ಬಂದು ನಿಂತರು. ಮಾಂಟ್ರಿಯಲ್‌ನ ಡೇಮನ್ ಡುವಾಲ್ 43 ಯಾರ್ಡಿನಿಂದ ಒದ್ದ, ತಪ್ಪಿತು. ರೂಜ್ ಸಿಕ್ಕಿದರೂ 26, ಕಪ್ ನಮ್ಮದೇ. ಹಸಿರು ಅಂಗಿಯವರು ಕುಣಿಯುತ್ತಿರುವಾಗ ತಪ್ಪಾಯಿತೆಂದು ರೆಫರಿಗಳು ಎಸೆದ ಬಾವುಟ ನೆಲದ ಮೇಲೆ ಬಿದ್ದಿತ್ತು. ಎಣಿಸಿದರೆ ಮೈದಾನದಲ್ಲಿ ನಮ್ಮವರು 13 ಮಂದಿ. ಇರಬೇಕಾದ್ದು 12. ಹತ್ತು ಯಾರ್ಡ್ ಮುಂದೆ ಬಂದು 33ರಿಂದ ಮತ್ತೆ ಒದ್ದ, ಕಂಬಗಳ ನಡುವೆ ಹೋಗಿ ಮೂರು ಪಾಯಿಂಟು, 28–27. ಹೊಟ್ಟೆ ಉರಿಯುವ ಸಂಗತಿ ಏನೆಂದರೆ ಈ ತಂಡ ತನ್ನ ಅಭಿಮಾನಿಗಳನ್ನು ಅದಕ್ಕೂ ಮೊದಲೇ ಕರೆಯುತ್ತಿದ್ದದ್ದು ‘ಹದಿಮೂರನೆಯ ಆಟಗಾರ’ ಎಂದೇ. “ನಾನು ಆವತ್ತು ಸೀಟು ಬಿಟ್ಟು ಏಳಲಿಲ್ಲ, ದೇವರಾಣೆ” ಎನ್ನುತ್ತಾರೆ ಅಜ್ಜ, ಪ್ರತಿ ಸಲವೂ.

2025ರ ಸೆಪ್ಟೆಂಬರಿನಲ್ಲಿ ಲೀಗಿನವರು ನಿಯಮ ಬದಲಿಸುವುದಾಗಿ ಸಾರಿದರು. 2026ರಿಂದ ಚೆಂಡು ಸುಮ್ಮನೆ ಹಿತ್ತಿಲು ದಾಟಿ ಹೋದರೆ ಪಾಯಿಂಟಿಲ್ಲ. ಎದುರಾಳಿ ಹಿಡಿದೂ ಹೊರತರದಿದ್ದರೆ ಮಾತ್ರ. 2027ರಿಂದ 110 ಯಾರ್ಡಿನ ಮೈದಾನ 100ಕ್ಕೆ ಇಳಿಯುತ್ತದೆ, 20ರ ಹಿತ್ತಿಲು 15ಕ್ಕೆ, ಕಂಬಗಳು ಹಿತ್ತಿಲ ಆಚೆ ತುದಿಗೆ. ಟಚ್‌ಡೌನು (ಚೆಂಡನ್ನು ಎದುರಾಳಿಯ ಹಿತ್ತಿಲಿಗೇ ಒಯ್ಯುವುದು) ಹೆಚ್ಚುತ್ತದೆ ಎನ್ನುವುದು ಅವರ ವಾದ. ಇರಬಹುದು, ಗೆರೆಯ ಮೇಲೆಯೇ ಕಂಬವಿದ್ದರೆ ಎಸೆಯುವವನಿಗೂ ಓಡುವವನಿಗೂ ಅಡ್ಡಿಯೇ. ಆದರೆ ಕಂಬಕ್ಕೆ ಬಡಿದು ಪಾಸು ಕೆಡುವುದೂ ನನಗೆ ಇಷ್ಟವಿತ್ತು. ಅಜ್ಜ ಎರಡು ವಾರ ಈ ವಿಷಯ ಮಾತಾಡಲಿಲ್ಲ. ಮೂರನೇ ವಾರ “ಹೊಲದ ಬದು ಒತ್ತಿದ ಹಾಗಾಯಿತು” ಎಂಬರ್ಥದ ಒಂದು ಮಾತು ಹೇಳಿ ಹುಲ್ಲು ಕತ್ತರಿಸಲು ಹೋದರು.

ಆ ನವೆಂಬರ್ 16ಕ್ಕೆ ವಿನಿಪೆಗ್‌ನಲ್ಲಿ ಫೈನಲ್. ಎದುರಿಗೆ ಅದೇ ಮಾಂಟ್ರಿಯಲ್. ನಾವು ಹೋಗಲಿಲ್ಲ, ನಮ್ಮ ಹಾಲಿನಲ್ಲೇ, ಟಿವಿಯ ಮುಂದೆ, ಇಬ್ಬರೂ ಬಚ್ಚಂಗಾಯಿ ತೊಟ್ಟು ಕೂತೆವು. ಆ ಕಾಲದಲ್ಲಿ ಹಣ್ಣಿನ ಬೆಲೆ ಎಷ್ಟೆಂದು ಹೆಂಡತಿಗೆ ಇನ್ನೂ ಹೇಳಿಲ್ಲ. ಕೊನೆಯ ಕ್ವಾರ್ಟರಿನಲ್ಲಿ ಮಾಂಟ್ರಿಯಲ್‌ನವರು ನಮ್ಮ ಗೆರೆಯ ಹೊಸ್ತಿಲಿಗೆ ಬಂದು ಚೆಂಡು ಕೈಜಾರಿಸಿಕೊಂಡರು. ನಾನು ಕೂಗಿದೆ, ಅಜ್ಜ ಕೂಗಲಿಲ್ಲ, ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ನಮ್ಮವರನ್ನು ಎಣಿಸಿದರು. ಹನ್ನೆರಡು. 25–17ಕ್ಕೆ ಗೆದ್ದೆವು, 2013ರ ಆಮೇಲೆ ಮೊದಲ ಸಲ. ಅಜ್ಜನ ಕೆನ್ನೆಯ ಮೇಲೆ ಇಳಿದದ್ದು ಹಣ್ಣಿನ ನೀರೋ ಬೇರೆಯೋ ನಾನು ನೋಡಲು ಹೋಗಲಿಲ್ಲ.

ಬೆಳಗ್ಗೆ ದೋಸೆಗೆ ಬನ್ನಿ ಎಂದು ಕಳಿಸಿದೆವು. ಟೊಪ್ಪಿಗಳೆರಡನ್ನೂ ಹೊರಗೆ ಡೆಕ್ಕಿನ ಮೇಲಿಟ್ಟಿದ್ದೆ, ರಾತ್ರಿ ಚಳಿಗೆ ಕಲ್ಲಾಗಿದ್ದವು. ಕಸಕ್ಕೆ ಹಾಕಲು ಹೊರಟವನನ್ನು ಹೆಂಡತಿ ತಡೆದಳು. ಅಜ್ಜನ ಟೊಪ್ಪಿಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ, “ಇವರಿಗೆ ಹೆರೆಯಲಿಕ್ಕೆ ಬರುವುದಿಲ್ಲ, ಒಂದು ದೋಸೆಗಾಗುವಷ್ಟು ಬಿಳಿ ಇನ್ನೂ ಉಂಟು, ಒಳಗೆ ತನ್ನಿ” ಎಂದಳು.