ಸ್ಪಷ್ಟನೆ: ಮಾದರಿ ರೈಲಿನ ಹಳಿಗೆ ತೆಂಗಿನೆಣ್ಣೆ ಬೇಡ

“ಕಾರವಾರದ ಉಪ್ಪುಗಾಳಿಗೆ ಮಾದರಿ ರೈಲಿನ ಹಳಿ ತುಕ್ಕು ಹಿಡಿಯುತ್ತದೆ, ಸ್ಯಾಂಡ್‌ಪೇಪರ್ ಉಜ್ಜಿ ತೆಂಗಿನೆಣ್ಣೆ ಸವರಿ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಎಚ್‌ಒ ಎಂಬ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲು) ಈಗಿನ ಹಳಿಗಳು (ಎರಡು ಹಳಿಗಳ ಅಂತರ 16.5 ಮಿ.ಮೀ.) ಹೆಚ್ಚಾಗಿ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದವು. ಬೆಳ್ಳಿ ಹೆಸರಿಗಷ್ಟೇ, ಇರುವುದು ತಾಮ್ರ, ನಿಕಲ್, ಸತು. ಕಬ್ಬಿಣವೇ ಇಲ್ಲದ ಮೇಲೆ ತುಕ್ಕೆಲ್ಲಿಯದು? ಮೇಲೆ ಕೂರುವ ಕಪ್ಪು ಕೊಳೆ ಮತ್ತು ಲೋಹದ ಆಕ್ಸೈಡ್‌ನ ಪದರ. ಸ್ಯಾಂಡ್‌ಪೇಪರ್ ಗೀರಿದ ಗೆರೆಗಳಲ್ಲಿ ಅದು ಇನ್ನಷ್ಟು ಸೇರಿಕೊಳ್ಳುತ್ತದೆ. ಎಣ್ಣೆಗೆ ದೂಳು ಅಂಟುತ್ತದೆ, ಏರಿನಲ್ಲಿ ಎಂಜಿನ್ ಚಕ್ರ ಜಾರುತ್ತದೆ. ಕರೆಂಟ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಬಟ್ಟೆಯಿಂದ ಹಳಿಯ ಮೇಲ್ಮೈ ಒರೆಸಿ. ಚಕ್ರಗಳನ್ನು ಮರೆಯುವವರೇ ಹೆಚ್ಚು, ಅವನ್ನೂ ಒರೆಸಬೇಕು.

ಎಂಜಿನ್‌ಗೆ ಕರೆಂಟ್ ಬರುವುದು ಹಳಿಯಿಂದಲೇ. ಆಮೇಲೂ ಎಂಜಿನ್ ಒಂದೇ ಜಾಗದಲ್ಲಿ ನಿಂತರೆ, ಹಳಿ ಜೋಡಿಸಿ ಕರೆಂಟ್ ದಾಟಿಸುವ ಕ್ಲಿಪ್ ನೋಡಿ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಹಿಡಿಯಿರಿ: ವೈರ್ ಸೇರುವಲ್ಲಿ 12 ವೋಲ್ಟ್, ದೂರದ ತುದಿಯಲ್ಲಿ 9 ತೋರಿಸಿದರೆ ಕ್ಲಿಪ್ ಸಡಿಲ. ಸುಮಾರು ಮೀಟರಿಗೊಂದು ಜೋಡಿ ವೈರ್ ಬೆಸುಗೆ ಹಾಕಿದರೆ ಕ್ಲಿಪ್ಪನ್ನು ನಂಬಬೇಕಿಲ್ಲ.

ಹಳಿ ಸೊಟ್ಟಗಾಗಲು ಬಿಸಿಲೊಂದೇ ಕಾರಣವೆಂಬುದೂ ಸರಿಯಲ್ಲ. 20 ಡಿಗ್ರಿ ಏರಿದರೂ ಒಂದು ಮೀಟರ್ ಹಳಿ ಹಿಗ್ಗುವುದು ಸುಮಾರು 0.3 ಮಿ.ಮೀ. ಮಳೆಗಾಲದಲ್ಲಿ ಉಬ್ಬಿದ, ಹಳಿಯಡಿಯ ಮರದ ಚೌಕಟ್ಟು ಬೇಸಿಗೆಗೆ ಕುಗ್ಗಿದಾಗ ಹಳಿಗೆ ಜಾಗ ಸಾಲುವುದಿಲ್ಲ. ಮರಕ್ಕೆ, ಕತ್ತರಿಸಿದ ಅಂಚಿಗೂ ಸೇರಿ, ಮೊದಲೇ ವಾರ್ನಿಷ್ ಹೊಡೆಯಿರಿ.