ಬಡ್ತಿ ಕೊಟ್ಟವರು ಜೊತೆಗೆ ಕುಳಿತರೇ?

ನಿನ್ನೆ ಸಂಜೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿಗೆ ಹಳೆಯ ಸ್ನೇಹಿತರೊಬ್ಬರನ್ನು ಕಾಣಲು ಹೋಗಿದ್ದೆ. ಅವರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಕಂಡದ್ದು ರಾತ್ರಿಯಿಡೀ ನಿದ್ದೆಗೆಡಿಸಿತು. ಹನ್ನೊಂದು ವರ್ಷ ಲೋಹ ಕಡೆಯುವ ಲೇಥ್ ಯಂತ್ರ ನಡೆಸಿ, ಅಳತೆಯಲ್ಲಿ ಕೈತಪ್ಪದವನು ಎಂದು ಹೆಸರು ಪಡೆದ ಹುಡುಗನಿಗೆ ಎರಡು ತಿಂಗಳ ಹಿಂದೆ ಸೂಪರ್‌ವೈಸರ್ ಆಗಿ ಬಡ್ತಿ ಸಿಕ್ಕಿದೆ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ, ಇಪ್ಪತ್ತು ಜನರ ಎದುರು, ಅವನ ಮೇಲಧಿಕಾರಿ "ನಿನಗ ಮಂದಿ ಕಡಿಂದ ಕೆಲಸ ತಗೊಳ್ಳಾಕ ಬರೂದಿಲ್ಲ" ಎಂದು ಬೈದರು. ಐದು ನಿಮಿಷ ಕಳೆದಿರಲಿಲ್ಲ, ಅವನು ಅದೇ ದನಿಯಲ್ಲಿ ಒಬ್ಬ ಹೊಸ ಆಪರೇಟರ್‌ನನ್ನು ಬೈಯುತ್ತಿದ್ದ.

ಅವನಿಗೆ ಬರುವುದಿಲ್ಲ, ನಿಜ. ಆದರೆ ಕಲಿಸಿದವರು ಯಾರು? ಬಡ್ತಿ ಪತ್ರ ಕೊಟ್ಟರು, ಬೇರೆ ಬಣ್ಣದ ಅಂಗಿ ಕೊಟ್ಟರು, ಹಾಜರಿ ಪುಸ್ತಕ ಕೊಟ್ಟರು. ಲೇಥ್ ಮುಂದೆ ನಿಂತಾಗ ಕೆಲಸ ಅವನ ಕೈಯಲ್ಲಿತ್ತು. ಈಗ ಅದು ಇತರರ ಕೈಯಿಂದ ಆಗಬೇಕು. ನಿನ್ನೆಯವರೆಗೆ ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿಂದವರಿಗೆ ಇಂದು ರಜೆ ಇಲ್ಲ ಎನ್ನಬೇಕು. ಇದು ಬೇರೆಯೇ ವಿದ್ಯೆ, ಮತ್ತು ಇದನ್ನು ಕಲಿಸಲು ಅವನ ಜೊತೆಗೆ ಒಬ್ಬರೂ ಕುಳಿತಿಲ್ಲ.

ನಾನೂ ಲೇಥ್ ನಡೆಸುವ ಟರ್ನರ್ ಆಗಿದ್ದು ಮೇಲೆ ಬಂದವನು. ಇಲ್ಲಿಯವರೆಗೆ ಹೇಳದಿರುವ ಮಾತೊಂದಿದೆ. ಮೊದಲ ವರ್ಷ ಯಾರ ಕೆಲಸ ನಿಧಾನವಾದರೂ ಅವರನ್ನು ಬದಿಗೆ ಸರಿಸಿ ನಾನೇ ಮಾಡಿಬಿಡುತ್ತಿದ್ದೆ. ತಂದೆಯ ವಯಸ್ಸಿನ ಒಬ್ಬರನ್ನು ಎಲ್ಲರೆದುರು ಹಾಗೆ ಸರಿಸಿದ ದಿನದಿಂದ ಅವರು ನನ್ನೊಡನೆ ಮಾತು ಬಿಟ್ಟರು, ಕೊನೆಗೆ ಬೇರೆ ಶಿಫ್ಟ್ ಕೇಳಿ ಹೋದರು. ಆ ನೋವು ಇಂದಿಗೂ ಇದೆ. ಆಗ ನಮ್ಮ ಹಿರಿಯ ಫೋರ್‌ಮನ್ ಪ್ರತಿ ಶನಿವಾರ ಅರ್ಧ ತಾಸು ನನ್ನನ್ನು ಟೂಲ್ ರೂಮಿನಲ್ಲಿ ಕೂರಿಸಿಕೊಳ್ಳತೊಡಗಿದರು. ಅವರು ಉಪದೇಶ ಮಾಡುತ್ತಿರಲಿಲ್ಲ, ಕೇಳುತ್ತಿದ್ದರು. "ತಮ್ಮಾ, ನೀ ಹೇಳಿದ್ದು ಅವಗ ತಿಳದೈತಿ ಅಂತ ನಿನಗ ಹೆಂಗ ಗೊತ್ತಾತು?" ನನ್ನಲ್ಲಿ ಉತ್ತರವಿರಲಿಲ್ಲ. ಈ ವಾರ ಒಂದೇ ಕೆಲಸ ಮಾಡು, ಹೇಳಿದ ಮೇಲೆ ಅವನಿಂದಲೇ ಮಾಡಿಸಿ ನೋಡು, ನೀನು ಕೈ ಹಾಕಬೇಡ ಎಂದರು. ಮುಂದಿನ ಶನಿವಾರ ಮೊದಲು ಕೇಳಿದ್ದು ಅದನ್ನೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗಾಗಿ ನಡೆಸಿದ ತರಬೇತಿಯಲ್ಲಿ ಇದೇ ಕ್ರಮವಿತ್ತು ಎಂದು ಬಹಳ ವರ್ಷಗಳ ನಂತರ ಓದಿದೆ: ಕಲಿಯುವವನನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವನಿಂದ ಮಾಡಿಸುವುದು, ಆಮೇಲೂ ಬಂದು ನೋಡುವುದು. ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲ ಎಂಬುದು ಅವರ ಸೂತ್ರವಾಗಿತ್ತು. ನಿನ್ನೆ ಆ ಮೇಲಧಿಕಾರಿಗೆ ಇದನ್ನೇ ಹೇಳಬೇಕೆನಿಸಿತು.

ಹೀಗೆ ಜೊತೆಗೆ ಕುಳಿತು ಕಲಿಸುವುದನ್ನೇ ಕೋಚಿಂಗ್ ಎನ್ನುತ್ತಾರೆ. ಆದರೆ ಕೋಚಿಂಗ್ ಎಂದರೆ ನಮ್ಮ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಗತಿಗಳೇ ನೆನಪಾಗುತ್ತವೆ. ನಾನು ಹೇಳುವುದು ಅದಲ್ಲ. ಕೆಲಸದ ಜಾಗದಲ್ಲಿ ನಿಂತು ನೋಡಿ, ಕಂಡದ್ದನ್ನು ಏಕಾಂತದಲ್ಲಿ ಕೇಳಿ, ವಾರಕ್ಕೊಂದು ಅಭ್ಯಾಸವನ್ನು ತಿದ್ದಿಸುವುದು. ಹೀಗೆ ಕುಳಿತುಕೊಳ್ಳುವವರು ಅವನ ವಾರ್ಷಿಕ ವರದಿ ಬರೆಯುವವರಾಗಿರಬಾರದು. ಹಾಗಿದ್ದರೆ ಹುಡುಗ ತನ್ನ ತಪ್ಪನ್ನೇ ಮುಚ್ಚಿಡುತ್ತಾನೆ. ಜನ ಕಡಿಮೆಯಿದ್ದು ಗುರಿ ಮಾತ್ರ ಹೆಚ್ಚಿದ್ದರೆ ಅದನ್ನು ಯಾವ ಕೋಚಿಂಗೂ ಸರಿಪಡಿಸದು, ಅದು ಆಡಳಿತದವರ ಹೊಣೆ.

ಎರಡು ದಿನದ ತರಬೇತಿಗೆ ಕಳಿಸಿದ್ದೇವಲ್ಲ ಎಂದು ಸ್ನೇಹಿತರು ಹೇಳಿದರು. ತರಬೇತಿ ಬೇಡವೆನ್ನುವುದಿಲ್ಲ. ಆದರೆ ಆಪರೇಟರ್ ಎದುರುತ್ತರ ಕೊಟ್ಟ ಕ್ಷಣದಲ್ಲಿ ಏನು ಮಾಡಬೇಕೆಂಬುದು ಕುರ್ಚಿಯಲ್ಲಿ ಕುಳಿತು ಕೇಳಿದ ಪಾಠದಿಂದ ಬರುವುದಿಲ್ಲ. ನಮಗೆ ಯಾರು ಕಲಿಸಿದ್ದರು, ಬಿದ್ದು ಎದ್ದು ಕಲಿತೆವು ಎನ್ನುವವರೂ ಇದ್ದಾರೆ. ನಾವು ಬಿದ್ದಾಗ ನಮ್ಮ ಕೆಳಗೆ ಸಿಕ್ಕವರ ಲೆಕ್ಕವನ್ನು ಯಾರಾದರೂ ಇಟ್ಟಿದ್ದೇವೆಯೇ? ಸಮಯವಿಲ್ಲ ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ವಾರಕ್ಕೆ ಬೇಕಾದದ್ದು ಅರ್ಧ ತಾಸು.

ಮೂರು ತಿಂಗಳು ಪ್ರತಿ ಶನಿವಾರ ನಾನೇ ಬಂದು ಆ ಹುಡುಗನ ಜೊತೆ ಕೂರುತ್ತೇನೆ, ಸಂಬಳ ಬೇಡ ಎಂದು ಇಂದು ಬೆಳಿಗ್ಗೆ ಸ್ನೇಹಿತರಿಗೆ ಫೋನ್ ಮಾಡಿ ಹೇಳಿದೆ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದಿದ್ದಾರೆ.