ನಿಧಾನಗತಿಯ ಪ್ಯಾಕೆಟ್ ಜಾಲದಲ್ಲಿ ಬುಲೆಟಿನ್‌ಗಳಿಗೆ ಮಿತಿ ಬೇಕೇ?

ಪರ: ತುರ್ತು ಸಂದೇಶಕ್ಕೆ ದಾರಿ ಬಿಡಿ

ಬರಹವನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಸಾಗಿಸುವ ಹವ್ಯಾಸಿ ರೇಡಿಯೋದ ಪ್ಯಾಕೆಟ್ ಜಾಲದಲ್ಲಿ ಒಂದೇ ಫ್ರೀಕ್ವೆನ್ಸಿಯನ್ನು ಹಲವು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಸುವವರು, ಹಂಚಿಕೊಳ್ಳುತ್ತಾರೆ. ಒಬ್ಬರು ಕಳುಹಿಸುವಾಗ ಉಳಿದವರು ಕಾಯಲೇಬೇಕು. ವೇಗ ಹತ್ತಿರದ ಸಂಪರ್ಕಕ್ಕೆ ಬಳಸುವ ವಿಎಚ್‌ಎಫ್ ಅಲೆಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1200 ಬಿಟ್, ದೂರ ಸಾಗುವ ಎಚ್‌ಎಫ್ ಅಲೆಗಳಲ್ಲಿ 300. ಅಂದರೆ 256 ಬೈಟ್‌ಗಳ ಒಂದು ಪ್ಯಾಕೆಟ್‌ಗೆ ವಿಎಚ್‌ಎಫ್‌ನಲ್ಲಿ ಸುಮಾರು 1.7 ಸೆಕೆಂಡ್, ಎಚ್‌ಎಫ್‌ನಲ್ಲಿ ಏಳು ಸೆಕೆಂಡ್‌ನಷ್ಟು ಸಮಯ ಹಿಡಿಯುತ್ತದೆ. ಒಬ್ಬ ವ್ಯಕ್ತಿಗೆ ಬರೆದ ಸಂದೇಶ ಒಂದೇ ದಾರಿಯಲ್ಲಿ ಸಾಗಿ ಮುಗಿಯುತ್ತದೆ. ಎಲ್ಲರಿಗೂ ಎಂದು ಬರೆದ ಬುಲೆಟಿನ್ ಹಾಗಲ್ಲ. ಅದು ಸಂದೇಶಗಳನ್ನು ಕೂಡಿಟ್ಟು ಮುಂದಕ್ಕೆ ಸಾಗಿಸುವ ಒಂದು ಮೇಲ್‌ಬಾಕ್ಸ್ ನಿಲಯದಿಂದ ನೆರೆಯ ಮೇಲ್‌ಬಾಕ್ಸ್‌ಗಳಿಗೆ, ಅಲ್ಲಿಂದ ಅವುಗಳ ನೆರೆಗೆ ಹರಡುತ್ತ, ಯಾರೂ ಓದದಿದ್ದರೂ ಪ್ರತಿ ಕೊಂಡಿಯ ಸಮಯವನ್ನು ತಿನ್ನುತ್ತದೆ.

ದಟ್ಟಣೆ ಹೆಚ್ಚಿದಂತೆ ನಷ್ಟ ಇಮ್ಮಡಿಸುತ್ತದೆ. ಬಂದ ಪ್ಯಾಕೆಟ್ ಅನ್ನು ಮತ್ತೆ ಪ್ರಸಾರ ಮಾಡುವ, ಬೆಟ್ಟದ ಮೇಲಿನ ಡಿಜಿಪೀಟರ್‌ಗೆ ಕೇಳಿಸುವ, ಆದರೆ ಪರಸ್ಪರ ಕೇಳಿಸದ ಎರಡು ನಿಲಯಗಳು ಒಟ್ಟಿಗೆ ಪ್ರಸಾರ ಮಾಡಿದರೆ ಎರಡೂ ಪ್ಯಾಕೆಟ್‌ಗಳು ಹಾಳಾಗುತ್ತವೆ, ಎರಡನ್ನೂ ಮತ್ತೆ ಕಳುಹಿಸಬೇಕಾಗುತ್ತದೆ, ಆ ಮರುಪ್ರಸಾರವೇ ಇನ್ನಷ್ಟು ಡಿಕ್ಕಿಗಳಿಗೆ ಕಾರಣವಾಗುತ್ತದೆ.

ಒಂದು ಪ್ರವಾಹ ತಾಲೀಮಿನಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಪರಿಹಾರ ಶಿಬಿರವೆಂದು ಗುರುತಿಸಿದ್ದ ಶಾಲೆಯ ವರಾಂಡದಲ್ಲಿ ಕುಳಿತು, ಇನ್ಸುಲಿನ್ ಮತ್ತು ಐಸ್ ಪೆಟ್ಟಿಗೆ ಕೋರುವ ಎರಡು ಸಾಲನ್ನು ಟೈಪ್ ಮಾಡಿದೆ. ಮೋಡೆಮ್‌ನ ಕೆಂಪು ದೀಪ ಹೊತ್ತುತ್ತದೆ, ಆರುತ್ತದೆ. ಪರದೆಯಲ್ಲಿ ಮರುಯತ್ನದ ಸಂಖ್ಯೆ ಏರುತ್ತಲೇ ಇದೆ. ಅದೇ ಹೊತ್ತಿನಲ್ಲಿ ಮೇಲ್‌ಬಾಕ್ಸ್ ಹಳೆಯ ಟ್ರಾನ್ಸೀವರ್ ಮಾರಾಟದ ಪ್ರಕಟಣೆಯನ್ನೂ, ಉಪಗ್ರಹಗಳ ಕಕ್ಷೆಯ ಉದ್ದನೆಯ ಅಂಕಿಪಟ್ಟಿಯನ್ನೂ ನೆರೆಯ ನಿಲಯಕ್ಕೆ ಸಾಗಿಸುತ್ತಿತ್ತು. ಕೊನೆಗೆ ಆ ಕೋರಿಕೆಯನ್ನು ಕೈಯಲ್ಲಿ ಹಿಡಿಯುವ ರೇಡಿಯೋವಾದ ಹ್ಯಾಂಡಿಯಲ್ಲಿ ಬಾಯಿಮಾತಿನಲ್ಲೇ ಹೇಳಬೇಕಾಯಿತು. ನಿಜವಾದ ನೆರೆ ಬಂದಿದ್ದರೆ, ಕಾಯುತ್ತಿದ್ದ ರೋಗಿಗೆ ಯಾವ ಸಮಾಧಾನ ಹೇಳುವುದು?

ಹ್ಯಾಮ್‌ಗಳು ಸಂದೇಶ ಸಾಗಿಸುವ ವ್ಯವಸ್ಥೆಯಾದ ಅಮೆರಿಕದ ನ್ಯಾಷನಲ್ ಟ್ರಾಫಿಕ್ ಸಿಸ್ಟಮ್‌ನಲ್ಲಿ ಸಂದೇಶಗಳಿಗೆ ತುರ್ತು, ಆದ್ಯತೆ, ಕ್ಷೇಮ ಸಮಾಚಾರ, ಸಾಮಾನ್ಯ ಎಂಬ ನಾಲ್ಕು ದರ್ಜೆಗಳಿವೆ. ಒಕ್ಕಣೆ 25 ಪದಗಳೊಳಗೆ ಇರಲೆಂಬುದು ಅಲ್ಲಿನ ರೂಢಿ. ನಮ್ಮ ಮೇಲ್‌ಬಾಕ್ಸ್‌ಗಳಲ್ಲೂ ವೈಯಕ್ತಿಕ ಸಂದೇಶ ಮೊದಲು ಹೋಗಲಿ, ಬುಲೆಟಿನ್ ರಾತ್ರಿ ಹೋಗಲಿ, ಕೆಲವೇ ದಿನಗಳಲ್ಲಿ ತಾನಾಗಿ ಅಳಿಯಲಿ. ಮಿತಿಯ ಮಾತೆತ್ತಿದೊಡನೆ ವಾಕ್ ಸ್ವಾತಂತ್ರ್ಯ ಹೋಯಿತೆಂದು ಕೂಗುವವರು ಎಂದೂ ಸರದಿಯಲ್ಲಿ ನಿಂತವರಲ್ಲ.

ವಿರೋಧ: ದಟ್ಟಣೆಯೂ ಜಾಲದ ಜೀವವೇ

ಮಿತಿ ಬೇಡವೆಂಬ ಪಕ್ಷವನ್ನು ಮಂಡಿಸಲು ನನ್ನನ್ನು ಕೇಳಿಕೊಳ್ಳಲಾಗಿದೆ. ತುರ್ತು ಹೊತ್ತಿನಲ್ಲಿ ಬುಲೆಟಿನ್ ನಿಲ್ಲಬೇಕೆಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಉಳಿದ ದಿನಗಳಿಗೂ ಅದೇ ಕಟ್ಟುಪಾಡು ಏಕೆಂಬುದಷ್ಟೇ ನನ್ನ ಪ್ರಶ್ನೆ. ಪ್ರತಿ ಬುಲೆಟಿನ್‌ಗೂ ಗುರುತಿನ ಸಂಖ್ಯೆ ಇರುವುದರಿಂದ, ಒಮ್ಮೆ ಬಂದದ್ದನ್ನು ಮೇಲ್‌ಬಾಕ್ಸ್ ಮತ್ತೆ ಸ್ವೀಕರಿಸುವುದಿಲ್ಲ. ಸಂದೇಶಗಳನ್ನು ಕುಗ್ಗಿಸಿ ಸಾಗಿಸುವ ತಂತ್ರಾಂಶವೂ ಬಹುಕಾಲದಿಂದ ಬಳಕೆಯಲ್ಲಿದೆ. ಮುಖ್ಯ ಕೊಂಡಿಗಳ ವೇಗವನ್ನು ಸೆಕೆಂಡಿಗೆ 9600 ಬಿಟ್‌ಗೆ ಏರಿಸಿದರೆ ದೂರಿನ ಬಹುಪಾಲು ಉಳಿಯುವುದಿಲ್ಲ.

ಮಿತಿಯನ್ನು ಬೈಟ್ ಲೆಕ್ಕದಲ್ಲಿಟ್ಟರೆ ಅದು ಕನ್ನಡಿಗರಿಗೆ ಇನ್ನೂ ಬಿಗಿ. ಯೂನಿಕೋಡ್‌ನ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಸಾಕು. ಎಲ್ಲರಿಗೂ ಒಂದೇ ಅಳತೆ ಇಟ್ಟರೆ ನಮ್ಮ ಭಾಷೆಯಲ್ಲಿ ಬರೆಯುವವರು ಮೂರನೆಯ ಒಂದು ಪಾಲಿನಲ್ಲೇ ಮಾತು ಮುಗಿಸಬೇಕಾಗುತ್ತದೆ. ಮಾರಾಟದ ಪ್ರಕಟಣೆ, ಕಕ್ಷೆಯ ಅಂಕಿ, ಆಂಟೆನಾದ ಚರ್ಚೆ ಇವುಗಳಿಗಾಗಿಯೇ ಹೊಸ ಹ್ಯಾಮ್‌ಗಳು ದಿನವೂ ತಮ್ಮ ನಿಲಯವನ್ನು ಚಾಲೂ ಇಡುತ್ತಾರೆ, ನೆರೆ ಬಂದ ದಿನ ನೆರವಿಗೆ ಬರುವುದೂ ಹಾಗೆ ಚಾಲೂ ಇರುವ ನಿಲಯಗಳೇ.